ಎಡಗಾಲಿನ ಚಿರತೆ

ರಾಯದುರ್ಗದ ಗುಡ್ಡದಲ್ಲಿ ಚಿರತೆ ಆಕಳಿಸಬೇಕಾದರೂ ನಿವೃತ್ತ ರೇಂಜರ್ ಚಂದ್ರಶೇಖರಯ್ಯನವರ ಅಪ್ಪಣೆ ಬೇಕಿತ್ತು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಅವರು ಒಂಬೈನೂರು ಚಿರತೆಗಳನ್ನು ಮುಖಾಮುಖಿ ಕಂಡಿದ್ದರು. ಅದರಲ್ಲಿ ಅರ್ಧದಷ್ಟು ಅವರನ್ನು ನೋಡಿದೊಡನೆ ಬಾಲ ಮಡಚಿ ಕೂತು ಅಹವಾಲು ಹೇಳಿಕೊಂಡಿದ್ದವು. ಹೀಗಂತ ಊರಿಗೆಲ್ಲ ಹೇಳಿದವರು ಅವರೇ.

ಜನವರಿ ಹತ್ತೊಂಬತ್ತರ ಬೆಳಗ್ಗೆ ಠಾಣೆಗೆ ದೂರು ತಂದವಳು ಗುಡ್ಡದ ಬುಡದಲ್ಲಿ ವಾಸವಿರುವ, ಜೀನ್ಸ್ ಹೊಲಿಯುವ ದ್ಯಾಮಮ್ಮ. ಅವಳ ದನಿಗೆ ಕೋಟೆಯ ಕಲ್ಲು ಗೇಣುದ್ದ ಜರುಗಿತೆಂದು ಕಾನ್‌ಸ್ಟೇಬಲ್ ತಿರುಮಲೇಶ್ ಇಂದಿಗೂ ಆಣೆ ಹಾಕುತ್ತಾನೆ. ಮೊಮ್ಮಗಳಿಗೆ ಹಾಲು ಕೊಡುತ್ತಿದ್ದ ಒಂದೇ ಒಂದು ಆಡು ರಾತ್ರಿ ಕಾಣೆಯಾಗಿತ್ತು. ಹಿತ್ತಲಲ್ಲಿ ಹೆಜ್ಜೆಗಳು ಮೂಡಿದ್ದವು. ರೇಂಜರ್ ಸಾಹೇಬರು ನೋಡಿ ಚಿರತೆಯೇ ಎಂದಿದ್ದರು. ದ್ಯಾಮಮ್ಮ ಮಾತ್ರ ಒಪ್ಪಲಿಲ್ಲ.

"ಹನಿ ರಗತ ಬಿದ್ದಿಲ್ರಿ ಮೇಡಂ. ಹಗ್ಗದ ಗಂಟು ಬಿಚ್ಯಾದ. ಗಂಟು ಬಿಚ್ಚೋ ಚಿರತಿನ ನೀವೇನಾರ ಕಂಡೀರೇನ್ರಿ?"

ಎಸ್‌ಐ ಬನಶಂಕರಿ ಕಳ್ಳತನದ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು. ಪಂಚರೆದುರು ಪಂಚನಾಮೆ ನಡೆಯಿತು. ಚಂದ್ರಶೇಖರಯ್ಯ ಮಾಸಿದ ಖಾಕಿಯಲ್ಲಿ ಆಗಲೇ ಹಾಜರಿದ್ದು, ಚಿರತೆಯ ವಯಸ್ಸು, ತೂಕ, ಮನಸ್ಸಿನ ಬೇಸರ ಎಲ್ಲವನ್ನೂ ಹೆಜ್ಜೆ ನೋಡಿಯೇ ಹೇಳುತ್ತಿದ್ದರು. ಪಾತ್ರೆ ತೊಳೆದ ನೀರು ಹರಿದು ಹಸಿಯಾದ ಕೆಮ್ಮಣ್ಣಿನಲ್ಲಿ ಬನಶಂಕರಿ ಒಂದೊಂದೇ ಹೆಜ್ಜೆಯ ಮೇಲೆ ಅಳತೆಪಟ್ಟಿ ಇಟ್ಟರು. ಎಲ್ಲವೂ ಒಂದೇ ಅಳತೆ, ಒಂದೇ ಓರೆ.

"ಮೇಡಂ, ಇದು ಕುಂಟಾಬಿಲ್ಲೆ ಆಡ್ಕೋತ ಬಂದಂಗದ," ಎಂದ ತಿರುಮಲೇಶ್.

ಹೇಳಿಕೆ ಪಡೆಯಲು ಇಬ್ಬರೂ ರೇಂಜರ್ ಮನೆಗೆ ಹೋದಾಗ ಸಾಕ್ಷಾತ್ ಕಲೆಕ್ಟರೇ ಬಂದಷ್ಟು ಉಪಚಾರ. ಚಹಾ ಕೊಡಲು ಒಂದು ಲೋಟ ಕೈಗೆಟುಕಿತು. ಉಳಿದವಕ್ಕೆ ಧೂಳು ಕೂತಿತ್ತು, ಒಳಗೆ ಹೋಗಿ ತೊಳೆದು ತಂದರು. ಗೋಡೆಯ ಗೂಡಿನಲ್ಲಿ ಪ್ಲಾಸ್ಟರಿನ ಪಂಜಗಳಿದ್ದವು. ಅವನ್ನು ಹೇಗೆ ಮಾಡುತ್ತೀರಿ ಎಂದು ಬನಶಂಕರಿ ಕೇಳಿದರು. ಚಿರತೆ ಗಣತಿಯ ಕಾಲದಲ್ಲಿ ಹೆಜ್ಜೆಯೊಳಗೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆಯುವ ಬಗೆಯನ್ನು ಅವರು ಮೈಮರೆತು ವಿವರಿಸಿದರು.

"ಎಡಗಡಿ ಹಿಂಗಾಲು ಅಷ್ಟೇ ತಗೋಬೇಕ್ರಿ. ಉಳಿದ ಕಾಲು ಇಲಾಖೆಗೆ..."

ಅಲ್ಲಿಗೆ ಮಾತು ನಿಂತಿತು. ಜೀವಮಾನವಿಡೀ ಆ ಒಂದೇ ಕಾಲನ್ನು ಅಳೆದವರಿಗೆ ಚಿರತೆಗೆ ಇನ್ನೂ ಮೂರು ಕಾಲುಗಳಿವೆ ಎಂಬುದು ಮರೆತುಹೋಗಿತ್ತು. ಬನಶಂಕರಿ ಒಂದು ಪಂಜವನ್ನು ಎತ್ತಿ ನೋಡಿದರು. ಅದರ ಬೆರಳ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಹಸಿಯಾಗಿತ್ತು. ಹಿಂದಿನ ಕೋಣೆಯಲ್ಲಿ ಆಡು ಕೂಗಿತು.

"ಯಾಕ ಸರ್?"

"ಕೊಯ್ಯಾಕಲ್ಲಮ್ಮ. ಶೇಂಗಾಬಳ್ಳಿ ಹಾಕೀನಿ, ನೋಡು."

ಉಳಿದದ್ದನ್ನು ಅವರೇ ಹೇಳಿದರು. ದೀಪಾವಳಿ ಕಳೆದ ಮೇಲೆ ಗುಡ್ಡದ ದಾರಿಯಲ್ಲಿ ಮೊದಲ ಹೆಜ್ಜೆ ಒತ್ತಿದ್ದರು. ಜೀನ್ಸ್ ಹೊಲಿಯುವ ಹೆಂಗಸರು ಹೆದರಿ, ಸಂಜೆ ಮನೆಗೆ ಹೋಗುವಾಗ ಜೊತೆಗೆ ಬರ್ರಿ ಸಾರ್ ಎಂದು ಕರೆಯತೊಡಗಿದ್ದರು. ರೇಂಜರ್ ದಿನಾ ಅವರ ಮುಂದೆ ಬ್ಯಾಟರಿ ಹಿಡಿದು ನಡೆದರು. ಚಿರತೆ ಮಾತ್ರ ಬರಲೇ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಹೆಂಗಸರು ನಗುತ್ತ ತಾವೇ ಹೋಗಿಬಿಡುತ್ತಿದ್ದರು. ಹಾಗಾಗಿ ಚಿರತೆ ಏನಾದರೂ ಹಿಡಿಯಲೇಬೇಕಾಗಿತ್ತು.

ಆಡು ಒಂದೇ ರಾತ್ರಿಯಲ್ಲಿ ಆನೆಮರಿಯಷ್ಟು ಉಬ್ಬಿತ್ತು. ಸುದ್ದಿ ಕೇಳಿ ಓಡಿಬಂದ ದ್ಯಾಮಮ್ಮ ಅದರ ಕಿವಿ ಹಿಡಿದುಕೊಂಡಳು.

"ಒಂದ್ ಮಾತು ಅಂದಿದ್ರ ದಿನಾ ಸಂಜಿಕ ನಾನೇ ಇದನ್ನ ಹಿಡ್ಕೊಂಡ್ ನಿಮ್ಮನಿಗೆ ಬರ್ತಿದ್ನಲ್ರೀ ಸಾಹೇಬ್ರ."

ಠಾಣೆಯಲ್ಲಿ ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಅವರು ತುಂಬ ಹೊತ್ತು ಯೋಚಿಸಿ, ಮಡಕಶಿರಾದಲ್ಲಿ ಸರ್ವೀಸಿನಾಗ ಜೊತೆಗಿದ್ದ ಅರಣ್ಯ ವಾಚರ್ ಯರ್ರಪ್ಪನ ನಂಬರ್ ಕೊಟ್ಟರು. ಆ ನಂಬರ್ ಬಳಕೆಯಲ್ಲಿರಲಿಲ್ಲ. ಬನಶಂಕರಿ ಪೆನ್ನು ಕೆಳಗಿಟ್ಟರು.

"ಒಂಬೈನೂರರಾಗ ಖರೇನ ಎಷ್ಟು ನೋಡೀರಿ ಸರ್?"

"ಒಂದೂ ಇಲ್ಲಮ್ಮ," ಎಂದರು ಚಂದ್ರಶೇಖರಯ್ಯ. "ಮಡಕಶಿರಾ ಗುಡ್ಡದಾಗ ಒಮ್ಮೆ ಚಿರತಿ ಮಲಗಿದ್ದ ಕಡಿ ಹುಲ್ಲು ಒರಗಿತ್ತು. ಕೈ ಇಟ್ಟೆ, ಬೆಚ್ಚಗಿತ್ತು. ಎಲ್ಲಿಗೆ ಹೋದ್ರೂ ಅಷ್ಟೇ. ನಾ ಮುಟ್ಟೋದ್ರಾಗ ಎದ್ದು ಹೋಗಿರ್ತಿದ್ವು."