ಮಣಿಕಟ್ಟಿನ ಅಳತೆಗೆ ಹೊಲಿದ ಕೋಟು

ಕೇಳದೆ ನನ್ನ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಮನುಷ್ಯನನ್ನೇ ನಾನು ಮುಂದೆ ಪ್ರೀತಿಸುತ್ತೇನೆ ಎಂದು ಆವತ್ತು ಯಾರಾದರೂ ಹೇಳಿದ್ದರೆ, ಅವರನ್ನು ಮಲಗಿಸಿ ತಲೆಯದೊಂದು ಎಕ್ಸ್‌ರೇ ತೆಗೆದು ನೋಡುತ್ತಿದ್ದೆ.

ನನ್ನ ಕೆಲಸವೇ ಅದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಎಕ್ಸ್‌ರೇ ಕೋಣೆಗೆ ನಾನು ಟೆಕ್ನಿಶಿಯನ್. ದಿನಕ್ಕೆ ನಲವತ್ತು ಜನರ ಎಲುಬು ನೋಡುವವಳಿಗೆ ಕೈಯ ಚಿತ್ರ ಬಿಡಿಸುವುದರಲ್ಲಿ ನನಗೆ ಸರಿಸಾಟಿ ಯಾರು ಎಂಬ ಜಂಬ ಇದ್ದೇ ಇತ್ತು. ಒಂದು ದಿನ ಈ ಕೋಣೆ ಬಿಟ್ಟು ಚಿತ್ರಗಳಿಂದಲೇ ಗುರುತಿಸಿಕೊಳ್ಳಬೇಕು ಎಂಬ ಆಸೆಯೂ ಇತ್ತು. ಹಾಗಾಗಿ ಆನ್‌ಲೈನ್‌ನಲ್ಲಿ ಒಂದು ಡ್ರಾಯಿಂಗ್ ಗುಂಪು ಸೇರಿಕೊಂಡಿದ್ದೆ.

ಮುನ್ನೂರು ಚಿಲ್ಲರೆ ಜನ. ಒಬ್ಬರೂ ನಿಜವಾದ ಹೆಸರು ಇಟ್ಟುಕೊಂಡಿರಲಿಲ್ಲ. ನಾನು ಅಲ್ಲಿ ‘ಮೂಳೆ ಮೇಡಂ’. ಚಿತ್ರದ ಫೋಟೊ ತೆಗೆಯುವಾಗ ಹಾಳೆಯ ಪಕ್ಕ ಸ್ಕೇಲ್ ಇಡಬೇಕಿತ್ತು, ಎಷ್ಟು ದೊಡ್ಡದು ಎಂದು ಎಲ್ಲರಿಗೂ ಗೊತ್ತಾಗಲಿ ಅಂತ. ಇನ್ನೊಬ್ಬರ ಚಿತ್ರ ತಿದ್ದುವುದಿದ್ದರೆ ಕೆಂಪು ಗೆರೆಯಲ್ಲಿ, ಅದೂ ಅನುಮತಿ ಕೇಳಿಯೇ. ಇನ್ನು ಟ್ರೇಸ್ ಮಾಡಿದ ಚಿತ್ರ ಹಾಕಿ ಸಿಕ್ಕಿಬಿದ್ದರೆ ಮುಗಿಯಿತು, ಆಮೇಲೆ ಆ ಮನುಷ್ಯನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಮೊದಲ ದಿನ ನಾನು ಹಾಕಿದ್ದು ಒಂದು ಎಡಗೈ. ಕೆಳಗೆ ಠೀವಿಯಿಂದ ಬರೆದೆ: ನನ್ನದೇ ಕೈ, ಲೈಫ್ ಸೈಜ್, ಕಣ್ಣಳತೆಯಲ್ಲೇ ಬಿಡಿಸಿದ್ದು.

ಅದು ಹಸಿ ಸುಳ್ಳು. ಹಿಂದೊಮ್ಮೆ ನನ್ನ ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿಹೋದಾಗ ತೆಗೆದ ಎಕ್ಸ್‌ರೇ ಫಿಲ್ಮ್ ನನ್ನ ಡ್ರಾಯರಿನಲ್ಲಿತ್ತು. ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಮೇಲೆ ಹಾಳೆ ಇಟ್ಟು, ಎಲುಬನ್ನೆಲ್ಲ ಟ್ರೇಸ್ ಮಾಡಿ ಅದರ ಸುತ್ತ ಚರ್ಮ ಬಿಡಿಸಿದ್ದೆ. ಎಲುಬೂ ನನ್ನದೇ, ಚರ್ಮವೂ ನನ್ನದೇ, ಇದರಲ್ಲಿ ಮೋಸ ಎಲ್ಲಿಂದ ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಅರ್ಧ ಗಂಟೆಯಲ್ಲಿ ‘ಕಾಜಾ’ ಎಂಬ ಹೆಸರಿನವನೊಬ್ಬ ನನ್ನ ಚಿತ್ರವನ್ನು ತಿದ್ದಿ ವಾಪಸ್ ಹಾಕಿದ. ನಾನು ಬಿಡಿಸಿದ ನೆಟ್ಟನೆಯ ಬೆರಳುಗಳ ಮೇಲೆ ಕೆಂಪಾಗಿ ನಾಲ್ಕು ಬಾಗಿದ ಬೆರಳು, ಮಧ್ಯೆ ಒಂದು ಲೋಟ. ಕೆಳಗೆ ಬರೆದಿದ್ದ: “ಎಲುಬು ಅಚ್ಚುಕಟ್ಟಾಗಿದೆ. ಆದ್ರೆ ಈ ಕೈ ಏನನ್ನೂ ಹಿಡ್ಕೊಂಡಿಲ್ಲ, ಹಿಡ್ಕೊಳ್ಳೋ ಆಸೆನೂ ಇದಕ್ಕಿಲ್ಲ.”

ನನ್ನ ಮೈಯೆಲ್ಲ ಉರಿದುಹೋಯಿತು. ಕೇಳದೆ ತಿದ್ದಲು ನೀವ್ಯಾರು, ದಿನಕ್ಕೆ ಎಷ್ಟು ಮಣಿಕಟ್ಟು ನೋಡುತ್ತೀರಿ, ನಾನೆಷ್ಟು ನೋಡುತ್ತೇನೆ ಗೊತ್ತೇ ಎಂದು ಮೂರು ಪ್ಯಾರಾ ಬರೆದು ಬಿಸಾಕಿದೆ. ಅವನು ಕಳಿಸಿದ್ದು ಒಂದೇ ಸಾಲು. “ಕೇಳದೆ ತಿದ್ದಿದ್ದು ತಪ್ಪು, ಕ್ಷಮಿಸಿ. ಗೆರೆ ಮಾತ್ರ ತಪ್ಪಲ್ಲ.”

ಎಷ್ಟು ಪೊಗರು ನೋಡಿ! ಸೇಡು ತೀರಿಸಿಕೊಳ್ಳಲೆಂದೇ ಅವನ ಪುಟಕ್ಕೆ ಹೋದೆ. ಹೋಗಿ ಬಾಯಿ ಮುಚ್ಚಿಕೊಂಡೆ. ಕುರ್ಚಿಯ ಮೇಲೆ ಎಸೆದ ಅಂಗಿ, ಮೊಳೆಗೆ ನೇತುಹಾಕಿದ ಕೋಟು, ಅರ್ಧ ಮಡಿಸಿದ ಬೆಡ್‌ಶೀಟು. ಮುಟ್ಟಿದರೆ ಯಾವುದು ಹತ್ತಿ, ಯಾವುದು ಉಣ್ಣೆ ಎಂದು ಹೇಳಬಹುದು ಅನ್ನಿಸುವಂತಿತ್ತು. ಆದರೆ ಬಟ್ಟೆಯೊಳಗೆ ಮನುಷ್ಯ ಬಂದ ಕೂಡಲೇ ಚಿತ್ರ ಕೆಡುತ್ತಿತ್ತು. ಕಾಲು ಇರುತ್ತಿತ್ತು, ಮೊಣಕಾಲು ಇರುತ್ತಿರಲಿಲ್ಲ. ಖುಷಿಯಾಯಿತು. ನಾನೂ ಕೇಳದೆ ಕೆಂಪು ಗೆರೆ ಎಳೆದು, ಈ ಪ್ಯಾಂಟಿನೊಳಗೆ ಮನುಷ್ಯನನ್ನು ಇಟ್ಟಿದ್ದೀರೋ ದಿಂಬು ತುರುಕಿದ್ದೀರೋ ಎಂದು ಕೇಳಿದೆ.

ದಿಂಬೇ ಇರಬೇಕು, ಮೊಣಕಾಲು ಎಲ್ಲಿರುತ್ತದೆ ಸ್ವಲ್ಪ ಹೇಳಿಕೊಡಿ ಎಂದ. ಜಗಳಕ್ಕೆ ನಿಂತವಳನ್ನು ಹೀಗೆ ಟೀಚರ್ ಮಾಡಿ ಕೂರಿಸಿಬಿಟ್ಟರೆ ಏನು ಮಾಡುವುದು? ಹೇಳಿಕೊಟ್ಟೆ.

ಅವನು ದರ್ಜಿ. ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಚಿಕ್ಕಪ್ಪನ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದ. ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಎನ್ನುತ್ತಾರಂತೆ. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಅವನಿಗೆ ಕೊಡುತ್ತಿದ್ದದ್ದು ಅದೊಂದೇ ಕೆಲಸ, ಹಾಗಾಗಿ ಆ ಅಡ್ಡಹೆಸರು. ನಾನು ಅವನಿಗೆ ಬಟ್ಟೆಯ ಕೆಳಗಿನ ದೇಹ ಕಲಿಸಿದೆ. ನಿಂತಾಗ ಮೊಣಕೈ ಸೊಂಟದ ಮಟ್ಟಕ್ಕೆ ಬರುತ್ತದೆ, ಒಂದು ಕಾಲಿನ ಮೇಲೆ ಭಾರ ಬಿಟ್ಟರೆ ಆ ಕಡೆಯ ಸೊಂಟ ಮೇಲೇಳುತ್ತದೆ, ಹೀಗೆ. ಅವನು ನನಗೆ ಬಟ್ಟೆ ಕಲಿಸಿದ. ಮಡಿಕೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಎಳೆತ ಇರುವ ಕಡೆಯಿಂದ ಹುಟ್ಟುತ್ತದೆ, ಮೊದಲು ಎಳೆತ ಎಲ್ಲಿದೆ ಹುಡುಕಿ ಎನ್ನುತ್ತಿದ್ದ. ಅದನ್ನು ಕೇಳಿದ ಮೇಲೆ ಬಸ್ಸಿನಲ್ಲಿ ಎದುರು ಕೂತವರ ತೋಳನ್ನೇ ದಿಟ್ಟಿಸಿ ನೋಡಿ ಬೈಸಿಕೊಂಡಿದ್ದೇನೆ.

ಅದೇ ಫಿಲ್ಮ್ ಟ್ರೇಸ್ ಮಾಡಿ ಹನ್ನೊಂದು ಚಿತ್ರ ಹಾಕಿದ ಮೇಲೆ ನಾನು ಅದನ್ನು ಮುಟ್ಟಲಿಲ್ಲ. ಏನನ್ನೂ ಹಿಡಿದುಕೊಂಡಿಲ್ಲ ಎಂಬ ಅವನ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ನನ್ನ ಎಡಗೈಯನ್ನು ಮುಂದಿಟ್ಟುಕೊಂಡು, ನೋಡಿ ನೋಡಿ ಬಿಡಿಸತೊಡಗಿದೆ. ಲೋಟ ಹಿಡಿದ ಕೈ, ಕತ್ತರಿ ಹಿಡಿದ ಕೈ, ಅಕ್ಕನ ಜಡೆ ಹಿಡಿದ ಕೈ. ಮೊದಮೊದಲು ಬೆರಳು ಸೊಟ್ಟಗೆ ಬಂದವು. ಆಮೇಲಾಮೇಲೆ ನನಗೇ ಹೆಮ್ಮೆಯಾಗುವಂತೆ ಬಂದವು. ಆದರೆ ಮೊದಲಿನ ಸುಳ್ಳನ್ನು ಹೇಳಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.

ನಾನು ಮತ್ತು ಅಕ್ಕ ಒಂದೇ ಕೋಣೆಯಲ್ಲಿರುವುದು. ಫೋನ್ ನೋಡಿಕೊಂಡು ಒಬ್ಬಳೇ ನಗುವುದನ್ನು ಅವಳು ಎಷ್ಟು ದಿನ ಸಹಿಸಿಯಾಳು? ಮೂಳೆಯಲ್ಲಿ ಅಷ್ಟು ನಗುವಂಥದ್ದು ಏನೇ ಇದೆ ಎಂದು ಒಂದು ದಿನ ಫೋನೇ ಕಿತ್ತುಕೊಂಡಳು. ಎಲ್ಲ ಓದಿ, ಇವನ ಮುಖ ನೋಡಿದ್ದೀಯಾ ಎಂದಳು. ಇಲ್ಲ ಎಂದೆ. ಮುಖ ನೋಡದೆಯೇ ಇಷ್ಟು ಹಲ್ಲು ಕಿರಿಯುತ್ತೀಯಲ್ಲ, ನೋಡಿದರೆ ಕತೆ ಏನು, ಮೊದಲು ಕರೆಸು ಎಂದು ಅಪ್ಪಣೆ ಮಾಡಿದಳು.

ಬನ್ನಿ ಎಂದೆ. ಶನಿವಾರ ಬರುತ್ತೇನೆ ಎಂದ, ನಿಮಗೊಂದು ವಸ್ತು ತರುತ್ತಿದ್ದೇನೆ ಎಂದೂ ಸೇರಿಸಿದ. ನಾನು ಆಗಲೇ ತೀರ್ಮಾನ ಮಾಡಿದ್ದೆ. ಈ ಮನುಷ್ಯ ನನಗೆ ಬೇಕು, ಶನಿವಾರ ಅದನ್ನು ಎದುರಿಗೇ ಹೇಳುತ್ತೇನೆ. ಇಂಥದ್ದಕ್ಕೆಲ್ಲ ಹಿಂಜರಿಯುವ ಜಾಯಮಾನ ನನ್ನದಲ್ಲ.

ಶನಿವಾರ ಎಕ್ಸ್‌ರೇ ಕೋಣೆ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಮೇಲಿನ ಕ್ಯಾಂಟೀನಿಗೆ ಹೋದೆ. ಕಿಟಕಿ ಪಕ್ಕದ ಮೇಜಿನಲ್ಲಿ ಎತ್ತರದ, ತೆಳ್ಳಗಿನ ಮನುಷ್ಯನೊಬ್ಬ ಮೊಣಕಾಲ ಮೇಲೆ ಪೊಟ್ಟಣ ಇಟ್ಟುಕೊಂಡು ಕೂತಿದ್ದ. ಅಂಗಿಯ ತೋಳಿನ ಅಂಚಿನಲ್ಲಿ ದರ್ಜಿಯ ಸೀಮೆಸುಣ್ಣದ ಗುರುತು. ಇವನೇ ಅವನಾ ಎಂದು ಕೇಳಬೇಕಾಗಲಿಲ್ಲ.

ಕಣ್ಣು ದೊಡ್ಡವು, ಅವುಗಳಲ್ಲಿ ತುಂಟತನ. ನನ್ನನ್ನು ಕಂಡು ಎದ್ದು ನಿಂತ. ಆ ಕಣ್ಣು ಮೊದಲು ನನ್ನ ಮುಖಕ್ಕೆ ಬಂತು, ನಕ್ಕಿತು. ಆಮೇಲೆ ಹೆಗಲಿಗೆ ಬಂತು, ಮಣಿಕಟ್ಟಿಗೆ ಇಳಿಯಿತು. ಅಲ್ಲಿ ನಗು ನಿಂತುಹೋಯಿತು. ಹುಬ್ಬು ಗಂಟಿಕ್ಕಿತು. ನಾನು ಇವನಿಗೆ ಹಿಡಿಸಲಿಲ್ಲವೇನೋ ಅನ್ನಿಸಿತು. ತೋರಿಸಿಕೊಳ್ಳಲಿಲ್ಲ. ತಂದದ್ದೇನು, ಕೊಡಿ ಎಂದು ಕೈ ಚಾಚಿದೆ. ಅವನು ಅರೆಮನಸ್ಸಿನಿಂದ ಕೊಟ್ಟ.

ಕಡುನೀಲಿ ಉಣ್ಣೆಯ ಕೋಟು. ನಮ್ಮ ಎಕ್ಸ್‌ರೇ ಕೋಣೆಯ ಏಸಿಯಲ್ಲಿ ನಡುಗುತ್ತೇನೆ ಎಂದು ಯಾವತ್ತೋ ಬರೆದಿದ್ದೆ. ಒಳಗೆ ಪೆನ್ಸಿಲ್ ಇಡಲೆಂದೇ ಒಂದು ಸಣ್ಣ ಜೇಬು ಕೂಡ ಹೊಲಿದಿದ್ದ. ಅಲ್ಲೇ ನಿಂತು ತೊಟ್ಟುಕೊಂಡೆ.

ತೋಳು ಬೆರಳ ತುದಿಯನ್ನೂ ದಾಟಿತು. ಹೆಗಲು ಜಾರಿ ತೋಳಿನ ಅರ್ಧಕ್ಕೆ ಬಂತು. ಪಕ್ಕದ ಮೇಜಿನ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಇದರೊಳಗೆ ನಮ್ಮಕ್ಕನನ್ನೂ ಸೇರಿಸಿಕೊಳ್ಳಬಹುದು ಎಂದು ನಾನೂ ನಕ್ಕೆ. ಅವನು ನಗಲಿಲ್ಲ.

ಮೆಲ್ಲಗೆ ವಿವರಿಸಿದ. ಚಿಕ್ಕಪ್ಪ ಕಲಿಸಿದ ಲೆಕ್ಕವಂತೆ. ಮಣಿಕಟ್ಟಿನ ಸುತ್ತಳತೆಯ ಎರಡರಷ್ಟು ಕತ್ತು, ಕತ್ತಿನ ಎರಡರಷ್ಟು ಸೊಂಟ. ಅಂಗೈ ಗೊತ್ತಿದ್ದರೆ ತೋಳು ಸಿಗುತ್ತದೆ. ನನ್ನ ಚಿತ್ರದ ಪಕ್ಕ ಸ್ಕೇಲ್ ಇತ್ತು, ಕೆಳಗೆ ಲೈಫ್ ಸೈಜ್ ಎಂದು ನಾನೇ ಬರೆದಿದ್ದೆ. ಅಷ್ಟರಿಂದ ಇಡೀ ನನ್ನನ್ನು ಲೆಕ್ಕ ಹಾಕಿದ್ದ.

“ಮುಖ ನೋಡದೆ ಇದ್ರೂ ನಿಮ್ಮನ್ನ ಪೂರ್ತಿ ಬಲ್ಲೆ ಅಂದ್ಕೊಂಡಿದ್ದೆ,” ಎಂದ. “ಇವತ್ತು ಅದನ್ನ ಹೇಳಬೇಕು ಅಂತಾನೇ ಬಂದೆ. ಇಷ್ಟು ದಿನ ನಾನು ಇನ್ಯಾರನ್ನೋ ಕಲ್ಪಿಸ್ಕೊಂಡಿದ್ದೆ ಅನ್ಸುತ್ತೆ. ಕೋಟು ಕೊಡಿ, ಹೊರಡ್ತೀನಿ.”

ಆಗ ನನಗೆ ಹೊಳೆಯಿತು. ನಮ್ಮ ಫಿಲ್ಮ್ ಪ್ರಿಂಟರ್ ಚಿಕ್ಕ ಕೈಯನ್ನೂ ಹಾಳೆ ತುಂಬುವಷ್ಟು ಹಿಗ್ಗಿಸಿ ಮುದ್ರಿಸುತ್ತದೆ. ಮುರಿದದ್ದು ಚೆನ್ನಾಗಿ ಕಂಡರೆ ಡಾಕ್ಟರಿಗೆ ಸಾಕು, ಅಳತೆ ಯಾರಿಗೆ ಬೇಕು? ಆ ಹಿಗ್ಗಿದ ಕೈಯನ್ನು ನಾನು ಟ್ರೇಸ್ ಮಾಡಿದೆ, ಲೈಫ್ ಸೈಜ್ ಎಂದೆ, ಈ ಮನುಷ್ಯ ಅದನ್ನು ನಂಬಿ ಕತ್ತರಿ ಹಾಕಿದ.

ಸುಮ್ಮನಿದ್ದರೆ ಗುಂಪಿನಲ್ಲಿ ನನ್ನ ಹೆಸರು ಉಳಿಯುತ್ತಿತ್ತು, ಅವನು ಹೋಗಿಬಿಡುತ್ತಿದ್ದ. ಬಾಯಿ ಬಿಟ್ಟರೆ ಹೆಸರು ಹೋಗುತ್ತಿತ್ತು, ಅವನು ಉಳಿಯುತ್ತಾನೆಂಬ ಖಾತ್ರಿ ಇರಲಿಲ್ಲ. ಕೋಟು ಬಿಚ್ಚಲಿಲ್ಲ. ಬನ್ನಿ ನನ್ನ ಜೊತೆ ಎಂದು ಮೆಟ್ಟಿಲು ಇಳಿದೆ.

ಕೋಣೆಯ ಬೀಗ ತೆಗೆದು, ಫಿಲ್ಮ್ ಸಿಕ್ಕಿಸಿ, ಬೆಳಕಿನ ಪೆಟ್ಟಿಗೆಯ ಸ್ವಿಚ್ ಹಾಕಿದೆ. ಪಕ್ಕದಲ್ಲಿ ನನ್ನ ಎಡಗೈ ಇಟ್ಟೆ. ಫಿಲ್ಮಿನ ಕೈ ನನ್ನ ಕೈಗಿಂತ ಒಂದು ಬೆರಳಗಲ ದೊಡ್ಡದಿತ್ತು.

“ಇದನ್ನ ಟ್ರೇಸ್ ಮಾಡ್ದೆ. ಕಣ್ಣಳತೆ ಅಂತ ಸುಳ್ಳು ಹೇಳ್ದೆ,” ಎಂದೆ. “ಎಲ್ಲರೂ ಭೇಷ್ ಅನ್ಲಿ ಅಂತ ಆಸೆ ಇತ್ತು. ನಿಮ್ಮ ಲೆಕ್ಕ ಸರಿ ಇತ್ತು, ನಾನು ಸರಿ ಇರ್ಲಿಲ್ಲ.”

ಅವನು ಬಗ್ಗಿ ಫಿಲ್ಮನ್ನೂ ನನ್ನ ಕೈಯನ್ನೂ ನೋಡಿದ. “ಎಲ್ಲಾ ಚಿತ್ರಾನೂ ಹಾಗೇನಾ?”

“ಮೊದಲ ಹನ್ನೊಂದು. ಏನಾದ್ರೂ ಹಿಡ್ಕೊಂಡಿರೋ ಕೈ ಎಲ್ಲಾ ನಾನೇ ಬಿಡಿಸಿದ್ದು. ನೀವು ಹೇಳಿದ್ಮೇಲೆ ಬಿಡಿಸಿದ್ದು.”

ಅವನು ಅಂಗಿಯ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. ಒಂದೇ ಪುಟದಲ್ಲಿ ಎರಡು ಸಾಲು ಅಳತೆ. ಎಡಗಡೆಯದು ಮೊದಲ ಚಿತ್ರದ್ದು, ಅದರ ಕೆಳಗೆ ಗೆರೆ ಎಳೆದಿತ್ತು, ಬಲಗಡೆಯದನ್ನು ಕಾಟು ಹಾಕಿತ್ತು. ಲೋಟದ ಕೈ, ಕತ್ತರಿಯ ಕೈ, ಜಡೆಯ ಕೈ, ಎಲ್ಲ ಲೆಕ್ಕವೂ ಬಲಗಡೆ. ಟೇಪ್ ತೆಗೆದು ನನ್ನ ಮಣಿಕಟ್ಟಿಗೆ ಸುತ್ತಿದ. ಅವನ ಬೆರಳು ಬೆಚ್ಚಗಿದ್ದವು. ಕಾಟು ಹಾಕಿದ ಅಂಕಿಗೂ ಟೇಪಿನ ಅಂಕಿಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ.

ಹಾಗಿದ್ದರೆ ಇದನ್ನೇಕೆ ಬಿಟ್ಟಿರಿ ಎಂದು ಕೇಳಿದೆ.

“ಆಮೇಲಿನ ಕೈ ಚಿಕ್ಕದಾಗಿ ಕಾಣ್ತಿತ್ತು. ನಾನೇ ತಪ್ಪು ನೋಡಿದ್ದೀನಿ ಅಂದ್ಕೊಂಡೆ. ನನ್ನ ಕಣ್ಣಿಗಿಂತ ನಿಮ್ಮ ಮಾತು ನಂಬ್ದೆ.”

ಯಾರಾದರೂ ಕಪಾಳಕ್ಕೆ ಬಾರಿಸಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಅಳುತ್ತ ಕೂರುವವಳಲ್ಲ ನಾನು. ಫೋನ್ ತೆಗೆದೆ, ಫಿಲ್ಮನ್ನೂ ಪಕ್ಕದಲ್ಲಿ ನನ್ನ ಕೈಯನ್ನೂ ಇಟ್ಟು ಫೋಟೊ ಹೊಡೆದೆ. ಮೊದಲ ಹನ್ನೊಂದು ಚಿತ್ರ ಟ್ರೇಸ್ ಮಾಡಿದ್ದು, ಉಳಿದದ್ದು ಅಲ್ಲ, ಮಾತಾಡಿಸುವವರು ಮಾತಾಡಿಸಿ ಎಂದು ಬರೆದು ಗುಂಪಿಗೆ ಕಳಿಸಿಯೇಬಿಟ್ಟೆ. ಆಮೇಲೆ ಅವನ ಕಡೆ ತಿರುಗಿದೆ.

“ಇನ್ನೊಂದು ವಿಷಯ. ನಾನು ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಎಲ್ಲಿಂದಲೂ ಟ್ರೇಸ್ ಮಾಡಿಲ್ಲ.”

ಅವನ ತುಟಿಯ ಒಂದು ಕೊನೆ ಮೇಲೆದ್ದಿತು. ನೆಟ್ಟಗೆ ನಿಂತುಕೊಳ್ಳಿ ಎಂದಷ್ಟೇ ಹೇಳಿ, ಜೇಬಿನಿಂದ ಪಿನ್ನುಗಳ ಡಬ್ಬಿ ತೆಗೆದು, ಐದು ಪಿನ್ನುಗಳನ್ನು ತುಟಿಯ ನಡುವೆ ಇಟ್ಟುಕೊಂಡ. ಏನಾದರೂ ಹೇಳಿ ಎಂದೆ. ಬಾಯಿ ತೋರಿಸಿದ. ಪಿನ್ನಿದೆ, ಹೇಗೆ ಹೇಳಲಿ ಎಂಬ ಮುಖ. ಬೇಕೆಂದೇ ಮಾಡುತ್ತಿದ್ದಾನೆ ಎಂದು ಗೊತ್ತಾಯಿತು.

ಎಡ ಹೆಗಲಿಗೆ ಒಂದು ಪಿನ್ನು. ಬಲ ಹೆಗಲಿಗೆ ಒಂದು. ಬೆನ್ನ ಹಿಂದೆ ಹೋಗಿ ಬಟ್ಟೆ ಹಿಡಿದು ಎರಡು. ಪ್ರತಿ ಪಿನ್ನಿಗೂ ಕೋಟು ಒಂದಿಷ್ಟು ನನ್ನ ಹತ್ತಿರ ಬಂತು, ಅವನೂ ಬಂದ. ಮುಂದೆ ಬಂದು ನಿಂತಾಗ ಅವನ ರೆಪ್ಪೆ ಎಣಿಸುವಷ್ಟು ಹತ್ತಿರವಿದ್ದ. ಕೊನೆಯ ಪಿನ್ನನ್ನು ಎದೆಯ ಪಕ್ಕದ ಹೊಲಿಗೆಗೆ ಹಿಡಿದು ತಡೆದ.

“ಉಸಿರು ಬಿಡಿ, ಮೂಳೆ ಮೇಡಂ. ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ.”

ದಿನವಿಡೀ ಜನರಿಗೆ ಉಸಿರು ಹಿಡಿಯಿರಿ, ಬಿಡಿ ಎಂದು ಹೇಳುವವಳು ನಾನು. ನನಗೇ ಹೇಳುತ್ತಾನೆ. “ನಿಮ್ಮ ಉತ್ತರ ಬರ್ಲಿ, ಬಿಡ್ತೀನಿ.”

“ಅಳತೆ ತಪ್ಪಾಯ್ತು,” ಎಂದ. “ಹುಡುಗಿ ತಪ್ಪಾಗ್ಲಿಲ್ಲ. ನಂಗೂ ನೀವೇ ಬೇಕು.”

ಉಸಿರು ಬಿಟ್ಟೆ. ಕೋಟು ಎದೆಯ ಹತ್ತಿರ ಒಂದಿಂಚು ಸಡಿಲವಾಯಿತು. ಅವನು ತಲೆ ಆಡಿಸಿ ನಕ್ಕು, ಹಾಕಿದ ಪಿನ್ನುಗಳನ್ನೆಲ್ಲ ತೆಗೆದು ಮತ್ತೆ ಎಡ ಹೆಗಲಿನಿಂದ ಶುರುಮಾಡಿದ.