ಎಸ್ತೇರಮ್ಮನ ಹಾಳೆ

ಆ ಭಾನುವಾರ ಮಧ್ಯಾಹ್ನ ಚಂದ್ರಾ ಲೇಔಟಿನ ಚರ್ಚಿನ ಪಾಸ್ಟರ್ ಮಧುಕುಮಾರ್ ನಮ್ಮ ಗೇಟಿನ ಹತ್ತಿರ ಬಂದು ನಿಂತಾಗ ಅವರ ಮುಖ ಬಿಳುಚಿಕೊಂಡಿತ್ತು.

“ಮೇಡಂ, ನಾಲ್ಕು ಗಂಟೆಗೆ ಕಮಿಟಿ ಸೇರುತ್ತೆ. ಅಷ್ಟರಲ್ಲಿ ನಿಜ ಗೊತ್ತಾಗ್ದಿದ್ರೆ ಜಯರತ್ನಂ ಅಂಕಲ್ ನಮ್ಮ ಚರ್ಚನ್ನೇ ಬಿಟ್ಟು ಹೋಗ್ತಾರೆ.”

ಉಮಾಶ್ರೀ ಮೇಡಂ ಪೊಲೀಸ್ ಬೆರಳಚ್ಚು ವಿಭಾಗದಿಂದ ನಿವೃತ್ತರಾದವರು. ಅವರ ಕೆಳಮನೆಯ ಬಾಡಿಗೆದಾರನಾದ ನಾನು ಇಂಥ ಓಡಾಟಕ್ಕೆಲ್ಲ ಜೊತೆಗಾರ. ತಕ್ಷಣ ಹೊರಟೆವು.

ಚರ್ಚಿನ ಹಾಲ್‌ನಲ್ಲಿ ಪ್ರತಿ ಭಾನುವಾರ ಯುವಕರ ಗುಂಪೊಂದು ಆಟಕ್ಕೆ ಕೂರುತ್ತಿತ್ತು. ಯಶ್ವಂತ್ ಕತೆ ನಡೆಸುವವನು. ಉಳಿದ ಮೂವರು ಒಂದೊಂದು ಪಾತ್ರವಾಗಿ ಮಾತಾಡಿ, ದಾಳ ಉರುಳಿಸಿ ಅದನ್ನು ಮುಂದುವರಿಸುತ್ತಿದ್ದರು. ಮಾಟಗಾರರು, ರಾಕ್ಷಸರು ಬರುವ ಆಟ ಸಭೆಗೆ ತಕ್ಕದ್ದಲ್ಲ ಎಂದು ಹಿರಿಯರಾದ ಜಯರತ್ನಂ ಎಲ್ಲರೆದುರೇ ಹೇಳಿದ್ದರು. ಈಗ ಯಶ್ವಂತನ ನೋಟ್‌ಬುಕ್ಕಿನ ಕೊನೆಯ ಅಧ್ಯಾಯವನ್ನು ಯಾರೋ ಹರಿದಿದ್ದರು. ಪಾತ್ರಗಳ ವಿವರವಿದ್ದ ಮೂರು ಹಾಳೆಗಳಲ್ಲಿ ಒಂದು ಕಾಣೆಯಾಗಿತ್ತು.

ಬೆಳಗ್ಗೆ ನೋಟ್‌ಬುಕ್, ಹಾಳೆಗಳನ್ನಿಟ್ಟು ಮೇಜು ಜೋಡಿಸಿದವಳು ಆಟಗಾರರಲ್ಲೊಬ್ಬಳಾದ ಶಿಲ್ಪಾ. ಆರಾಧನೆಯ ನಂತರ ಕುರ್ಚಿ ಎತ್ತಿಡಲು ಅಲ್ಲಿಗೆ ಒಬ್ಬರೇ ಹೋಗಿದ್ದವರು ಜಯರತ್ನಂ. ಎಲ್ಲರ ಅನುಮಾನ ಅವರ ಮೇಲೇ.

“ನಾನು ಮುಟ್ಟಿಲ್ಲಮ್ಮ,” ಎಂದಷ್ಟೇ ಹೇಳಿ ಅವರು ತಲೆ ತಗ್ಗಿಸಿದರು.

ಮೇಡಂ ಆಟಗಾರರ ಕಡೆ ತಿರುಗಿದರು. “ನಿಮ್ಮ ಪಾತ್ರಗಳ ಬಗ್ಗೆ ಹೇಳಿ.”

“ನನ್ನವನು ಬಿಲ್ಲುಗಾರ. ಗುರಿ ತಪ್ಪಲ್ಲ ಅವನು,” ಎಂದ ರಾಜೇಂದ್ರ. “ನನ್ನವಳು ಕಳ್ಳಿ,” ಎಂದಳು ವಚನಾ.

“ಎಸ್ತೇರಮ್ಮ ವೈದ್ಯೆ. ಗಾಯ ಆದವರಿಗೆ ಕಟ್ಟು ಕಟ್ತಾರೆ. ಅವರ ಹಾಳೆನೇ ಹೋಗಿರೋದು,” ಎಂದಳು ಶಿಲ್ಪಾ.

“ಹರಿದುಹೋದ ಅಧ್ಯಾಯದಲ್ಲಿ ಏನಿತ್ತು, ಯಶ್ವಂತ್?”

ಅವನು ತಡವರಿಸಿದ. “ಇವತ್ತು ಎಸ್ತೇರಮ್ಮ ಸಾಯಬೇಕಿತ್ತು. ಯಾರಿಗೂ ಹೇಳಿರಲಿಲ್ಲ.”

ನಾಲ್ಕಕ್ಕೆ ಕಮಿಟಿಯವರೂ ಬಂದು ಕೂತರು.

“ಆಟವನ್ನು ದ್ವೇಷಿಸುವವರು ಇಡೀ ನೋಟ್‌ಬುಕ್ಕನ್ನೇ ಹರೀತಿದ್ರು,” ಎಂದರು ಮೇಡಂ. “ಇಲ್ಲಿ ಹೋಗಿರೋದು ಎರಡೇ: ಎಸ್ತೇರಮ್ಮನ ಸಾವು, ಎಸ್ತೇರಮ್ಮನ ಹಾಳೆ. ಹೀಗೆ ಆರಿಸಿ ತೆಗೆಯೋಕೆ ಆಟ ಗೊತ್ತಿರಬೇಕು. ಜಯರತ್ನಂ ಅವರಿಗೆ ಗೊತ್ತಿಲ್ಲ. ಅವರನ್ನು ಬಿಟ್ರೆ ನೋಟ್‌ಬುಕ್ ಕೈಗೆ ಸಿಕ್ಕಿದ್ದು ಮೇಜು ಜೋಡಿಸಿದವರಿಗೆ ಮಾತ್ರ. ಇನ್ನೊಂದು ಮಾತು. ಉಳಿದವರು ತಮ್ಮ ಪಾತ್ರವನ್ನ ಅವನು, ಅವಳು ಅಂದ್ರು. ಒಬ್ಬಳು ಮಾತ್ರ ‘ಕಟ್ತಾರೆ’ ಅಂದಳು. ತಾನೇ ಹುಟ್ಟಿಸಿದ ಪಾತ್ರಕ್ಕೆ ಯಾರೂ ಬಹುವಚನ ಬಳಸಲ್ಲ, ಶಿಲ್ಪಾ. ಅವರು ಯಾರು?”

ಶಿಲ್ಪಾ ತನ್ನ ಬೈಬಲ್ ತೆರೆದು, ಮಡಿಸಿಟ್ಟಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

“ನಮ್ಮಮ್ಮ. ನರ್ಸ್ ಆಗಿದ್ರು. ಹೋದ ವರ್ಷ ತೀರ್ಕೊಂಡ್ರು. ಅವರು ಸಾಯೋದನ್ನ ಇನ್ನೊಂದ್ಸಲ ನನ್ನ ಕೈಲಿ ನೋಡೋಕಾಗ್ತಿರಲಿಲ್ಲ.” ಆಮೇಲೆ ಜಯರತ್ನಂ ಕಡೆ ನೋಡಿದಳು. “ಅನುಮಾನ ನಿಮ್ಮ ಮೇಲೆ ಬಂದಾಗ ಸುಮ್ನಿದ್ದೆ, ಅಂಕಲ್. ಅದೇ ದೊಡ್ಡ ತಪ್ಪು.”

ಜಯರತ್ನಂ ಎಸ್ತೇರಮ್ಮನ ಹಾಳೆಯನ್ನು ಕೈಗೆತ್ತಿಕೊಂಡರು. ಆಮೇಲೆ ಕುರ್ಚಿಯೊಂದನ್ನು ಮೇಜಿನ ಹತ್ತಿರ ಎಳೆದುಕೊಂಡು ಕೂತರು.

“ನಿಮ್ಮಮ್ಮ ಈ ಆಟದಲ್ಲಿ ಯಾರ್ಯಾರನ್ನ ಉಳಿಸಿದ್ರು, ಮೊದಲಿಂದ ಹೇಳು ಮಗಳೇ,” ಎಂದರು.