ಹನ್ನೆರಡನೆಯ ಬಾವುಟ

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡುವುದಿಲ್ಲ. ವಿಸ್ಕಾನ್ಸಿನ್‌ನ ಡ್ರಮ್ ತಂಡಗಳ ಹಳೆಯ ಬಹುಮಾನಗಳನ್ನು ದಾಖಲೆಗಳೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಡ್ರಮ್ಮಿನ ತಾಳಕ್ಕೆ ಬಾವುಟ ತಿರುಗಿಸುವ ಹುಡುಗಿಯರ ಪಡೆಗೆ ಕೊಡುವ 1973ರ ಬಹುಮಾನ ತಮಗೇ ಬರಬೇಕಿತ್ತೆಂದು ಅಂದಿನ ನಾಯಕಿ ರೊಕ್ಸಾನ್ ಪತ್ರದ ಮೇಲೆ ಪತ್ರ ಬರೆದಿದ್ದರು. ಅವರ ಪಡೆ ಸೋತದ್ದು ಒಂದಂಕದ ಹತ್ತನೇ ಒಂದು ಭಾಗದಿಂದ.

ಆಗ ತೀರ್ಪುಗಾರರು ಮೈದಾನದಲ್ಲಿ ಓಡಾಡುತ್ತಲೇ ತಪ್ಪುಗಳನ್ನು ಟೇಪ್ ರೆಕಾರ್ಡರಿಗೆ ಹೇಳುತ್ತಿದ್ದರು. ಮಟಮಟ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಆ ಸ್ಪರ್ಧೆಯ ಟೇಪ್ ಹಾಕಿದೆ.

"ಎಡತುದಿಯ ಹನ್ನೆರಡನೆಯ ಹುಡುಗಿ ಪ್ರತಿ ತಿರುವಿನಲ್ಲೂ ತಡ. ಹತ್ತನೇ ಒಂದು ಕಳೀತೀನಿ."

ತೀರ್ಪುಗಾರನ ದನಿಯ ಹಿಂದೆ ಬಾವುಟಗಳು ಒಟ್ಟಿಗೆ ಪಟ್ಟೆಂದು ಬಡಿಯುತ್ತಿದ್ದವು. ಪ್ರತಿ ಸಲವೂ ಅರೆಗಳಿಗೆ ಬಿಟ್ಟು ಇನ್ನೊಂದು.

ರೊಕ್ಸಾನ್‌ಗೆ ಫೋನ್ ಮಾಡಿ, ಹನ್ನೆರಡನೆಯ ಹುಡುಗಿ ತಡವೆಂದು ತೀರ್ಪುಗಾರ ಅಂಕ ಕಳೆದದ್ದನ್ನು ಹೇಳಿದೆ.

"ಹನ್ನೆರಡನೆಯವಳು ಎಲ್ಲಿಂದ ಬಂದ್ಲಪ್ಪಾ? ನಾವಿದ್ದಿದ್ದೇ ಹನ್ನೊಂದು ಜನ. ಡಾರ್ಲಾ ಆ ವಾರಾನೇ ತೀರಿಕೊಂಡಿದ್ಲು. ಅವಳ ಜಾಗಕ್ಕೆ ಯಾರನ್ನೂ ನಿಲ್ಲಿಸ್ದೆ ಖಾಲಿ ಬಿಟ್ಟೇ ಆಡಿದ್ವಿ. ಅದು ನಮ್ಮ ಪದ್ಧತಿ, ನಿಂಗೊತ್ತಿಲ್ವಾ?"

"ಆ ಖಾಲಿ ಜಾಗ ಎಡತುದೀಲಾ?"



"ಹೂಂ, ಅಲ್ಲೇ. ತಡ ಮಾಡ್ತಿದ್ಲು ಅಂದನಾ?"

"ಪ್ರತಿ ತಿರುವಲ್ಲೂ ಅಂತೆ."

ಆಕೆ ನಕ್ಕರು, ಆಮೇಲೆ ಮೂಗೆಳೆದುಕೊಂಡ ಸದ್ದು ಕೇಳಿಸಿತು. "ಅದಕ್ಕೇ ದಿನಾ ಬೈತಿದ್ದೆ ಕಣಪ್ಪಾ. ಅವಳ ಬಿಳಿ ಬೂಟು ಅವತ್ತು ನನ್ನ ಚೀಲದಲ್ಲೇ ಇತ್ತು. ಈಗ್ಲೂ ನನ್ನ ಹತ್ರಾನೇ ಇದೆ. ಅಂಕ ಹಾಗೇ ಇರ್ಲಿ ಬಿಡು."

ಬಹುಮಾನಗಳ ಪಟ್ಟಿಯನ್ನು ತಿದ್ದಲಿಲ್ಲ. ಕಡತ ಮುಚ್ಚುವ ಮೊದಲು, ಗ್ಯಾಲರಿಯ ಮೇಲ್ತುದಿಯಲ್ಲಿ ಕೂತಿದ್ದ ಎರಡನೆಯ ತೀರ್ಪುಗಾರನ ಹಾಳೆ ನೋಡಿದೆ. ಪೆನ್ಸಿಲಿನಲ್ಲಿ ಒಂದೇ ಸಾಲು ಇತ್ತು: "ಬಾವುಟ ಹನ್ನೆರಡು. ಎಡತುದಿಯವಳು ಬರಿಗಾಲಲ್ಲಿದ್ದಾಳೆ."